ಮೂರು ಚರ್ಚು, ಒಂದೇ ಜೀಪು

ಮಂದಿಗೆ ಒಳ್ಳೆಯದು ಮಾಡುತ್ತೇವೆಂದು ಮನೆ ಬಿಟ್ಟವರು ಏನೂ ಆಗದೆ ಸುಮ್ಮನೆ ಮನೆಗೆ ವಾಪಸ್ ಬಂದದ್ದನ್ನು ನಾನಂತೂ ನೋಡಿಲ್ಲ. ಏನಾದರೊಂದು ಆಗಿಯೇ ಆಗುತ್ತದೆ. ಆದದ್ದನ್ನು ರಾತ್ರಿ ಊಟಕ್ಕೆ ಕೂತಾಗ ನನ್ನ ಯಜಮಾನರಿಗೆ ಹೇಳುತ್ತೇನೆ. ಅವರು ರೊಟ್ಟಿ ಮುರಿಯುವುದನ್ನು ಬಿಟ್ಟು ನಗುತ್ತಾರೆ. ಹೀಗೆ ಎಷ್ಟೋ ಸಲ ನಮ್ಮ ಮನೆಯಲ್ಲಿ ರೊಟ್ಟಿ ಆರಿವೆ.

ನಾನು ಸರಕಾರಿ ದವಾಖಾನೆಯಲ್ಲಿ ನರ್ಸ್ ಆಗಿದ್ದು ನಿವೃತ್ತಳಾದವಳು. ಆಳಂದದಲ್ಲಿ ಮನೆ. ಇನ್ನು ಅಂಗಳದಲ್ಲಿ ಕೂತು ಶೇಂಗಾ ಸುಲಿಯುತ್ತ ಆರಾಮಾಗಿ ಇರೋಣ ಅಂದುಕೊಂಡಿದ್ದೆ. ಅದೇ ಹೊತ್ತಿಗೆ ನಮ್ಮ ಭಾಗದ ಮೂರು ಚರ್ಚು, ಒಂದು ಸೇವಾ ಕ್ಲಬ್ಬು ಮತ್ತು ಒಂದು ಮಹಿಳಾ ಸಂಘ ಸೇರಿ, ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಹಳ್ಳಿಗಳಲ್ಲಿ ಜನರ ಕೆಲಸವನ್ನು ಒಟ್ಟಾಗಿ ಮಾಡೋಣವೆಂದು ತೀರ್ಮಾನಿಸಿದವು. ಅದಕ್ಕೂ ಮೊದಲು ಎಲ್ಲರೂ ಬೇರೆ ಬೇರೆ ಮಾಡುತ್ತಿದ್ದರು. ಹಾಗಾಗಿ ಒಂದೇ ಓಣಿಗೆ ಎಲ್ಲರೂ ಕಂಬಳಿ ಹಂಚಿ ಬರುತ್ತಿದ್ದರು. ಆ ಓಣಿಯವರು ಕಂಬಳಿ ಎಲ್ಲಿಡಬೇಕೆಂದು ತಿಳಿಯದೆ ಒದ್ದಾಡಿದರೆ, ಮಗ್ಗುಲ ಓಣಿಯವರು ಥಂಡಿಗೆ ನಡುಗುತ್ತ ಇವರ ಮನೆಗೆ ಬೆಂಕಿ ಕಾಯಿಸಿಕೊಳ್ಳಲು ಬರುತ್ತಿದ್ದರು.

ಈ ಕೂಟಕ್ಕೆ ಒಬ್ಬ ಸಂಚಾಲಕರು ಬೇಕಾಯಿತು. ಮೊದಲನೇ ಚರ್ಚಿನವರನ್ನು ಮಾಡಿದರೆ ಎರಡನೆಯವರಿಗೆ ಬೇಸರ, ಎರಡನೆಯವರನ್ನು ಮಾಡಿದರೆ ಮೂರನೆಯವರಿಗೆ. ಕಡೆಗೆ ಯಾವ ಚರ್ಚಿಗೂ ಸೇರದವರೊಬ್ಬರು ಬೇಕೆಂದು ಹುಡುಕಿ ನನ್ನನ್ನು ಹಿಡಿದರು. ನಾನು ಕೊರಳಲ್ಲಿ ಲಿಂಗ ಕಟ್ಟಿಕೊಂಡವಳು, ವಿಭೂತಿ ಹಚ್ಚದೆ ಬೆಳಗಿನ ಚಹಾ ಮುಟ್ಟದವಳು. ಸುದ್ದಿ ಕೇಳಿ ಯಜಮಾನರು, "ನನ್ನ ಜೋಡಿ ಒಬ್ಬನ ಜೋಡಿನೇ ನಿನಗ ಹೊಂದಿಕೆ ಆಗಲ್ಲ, ಮೂರು ಚರ್ಚ್ ಹೆಂಗ ಸಂಭಾಳಸ್ತಿ?" ಅಂದರು. ನಾನು ಅವರ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದೆ.

ಆರಿದ ಚಹಾ

ಮೊದಲ ಸಭೆ ಎಲ್ಲಿ ಸೇರಬೇಕು ಎಂಬಲ್ಲೇ ತಕರಾರು ಶುರುವಾಯಿತು. ಹಳೇ ಕಲ್ಲಿನ ಚರ್ಚಿನ ಹಿರಿಯ ಪಾದ್ರಿಯವರು ಇಲ್ಲಿಯ ಮಣ್ಣಿನವರೇ. ಅವರು ತಮ್ಮಲ್ಲಿ ಬೆಂಚುಗಳಿವೆ ಅಂದರು. ಇನ್ನೊಂದು ಚರ್ಚಿನ ಫಾದರ್ ಮಂಗಳೂರು ಕಡೆಯವರು, ಪುಸ್ತಕದಲ್ಲಿ ಅಚ್ಚಾದ ಹಾಗೆ ಕನ್ನಡ ಮಾತಾಡುತ್ತಾರೆ. ಅವರು, "ನಮ್ಮಲ್ಲಿ ಫ್ಯಾನುಗಳೂ ಇವೆ" ಅಂದರು. ಮೂರನೆಯವರು ತಗಡಿನ ಶೆಡ್ಡಿನಲ್ಲಿ ಡ್ರಮ್ಮು ಬಾರಿಸಿ ಹಾಡುವ ಹೊಸ ಸಭೆಯ ತರುಣ ಪಾಸ್ಟರ್. ಅವರ ಹತ್ತಿರ ಬೆಂಚೂ ಇಲ್ಲ, ಫ್ಯಾನೂ ಇಲ್ಲ. "ನಮ್ಮಲ್ಲಿ ಮೈಕ್ ಅದರೀ" ಅಂದರು. ಮೈಕಿನ ಹೆಸರು ಕೇಳಿದ್ದೇ ಉಳಿದಿಬ್ಬರೂ ಒಂದಾಗಿ ಬೇಡವೆಂದರು. ಅವರಿಬ್ಬರಲ್ಲಿ ಆದ ಮೊದಲ ಒಗ್ಗಟ್ಟು ಅದು.

ಕಡೆಗೆ ಬಸ್ ಸ್ಟ್ಯಾಂಡ್ ಎದುರಿನ ಹೋಟೆಲ್ಲಿನಲ್ಲಿ ಸೇರಿದೆವು. ಅದರ ಮಾಲೀಕರನ್ನು ಊರೆಲ್ಲ ಚಾಚಾ ಅನ್ನುತ್ತದೆ. ಮಂಡಕ್ಕಿಯ ಸುಸಲಾ, ಮಿರ್ಚಿಭಜಿ ಬಂತು, ಹಿಂದೆಯೇ ಹೊಗೆಯಾಡುವ ಚಹಾ ಬಂತು. ಮುಟ್ಟುವ ಮೊದಲು ಪ್ರಾರ್ಥನೆ ಆಗಬೇಕಲ್ಲ. ಹಿರಿಯ ಪಾದ್ರಿಯವರು ಎದ್ದರು. ನಮ್ಮ ಕೂಟಕ್ಕಾಗಿ ಬೇಡಿದರು, ತಾಲ್ಲೂಕಿಗಾಗಿ ಬೇಡಿದರು, ತೊಗರಿ ಬೆಳೆಗೆ, ಅದಕ್ಕೆ ಬೀಳುವ ಹುಳಕ್ಕೆ, ಹುಳಕ್ಕೆ ಹೊಡೆಯುವ ಎಣ್ಣೆಗೆ ಎಲ್ಲಕ್ಕೂ ಬೇಡಿದರು. ಚಹಾ ಆರಿತು. ಚಾಚಾ ಲೋಟಗಳನ್ನು ಒಳಗೆ ಒಯ್ದು ಕಾಸಿಕೊಂಡು ಬಂದರು. ಅಷ್ಟರಲ್ಲಿ ಫಾದರ್ ಎದ್ದು ಜೇಬಿನಿಂದ ಸಣ್ಣ ಪುಸ್ತಕ ತೆಗೆದರು. ಮತ್ತೆ ಆರಿತು, ಮತ್ತೆ ಕಾಸಿದ್ದಾಯಿತು. ಆಮೇಲೆ ತರುಣ ಪಾಸ್ಟರ್ ಎರಡೂ ಕೈ ಮೇಲೆತ್ತಿ ಶುರುಮಾಡಿದರು. ಭಜಿ ತಿನ್ನುತ್ತಿದ್ದ ಬೇರೆ ಗಿರಾಕಿಗಳು ಕೈಯಲ್ಲಿ ಭಜಿ ಹಿಡಿದೇ ಎದ್ದು ನಿಂತರು. ತಿನ್ನಬೇಕೋ ಬೇಡವೋ ಎಂದು ಅವರಿಗೂ ಗೊತ್ತಾಗಲಿಲ್ಲ.

ಚಾಚಾ ಚಹಾದ ಕಿಟ್ಲಿ ಹಿಡಿದುಕೊಂಡು ಪಾಸ್ಟರರ ಮಗ್ಗುಲಲ್ಲಿ ಬಂದು ನಿಂತರು. ಅವರು ಉಸಿರು ಎಳೆದುಕೊಳ್ಳಲು ಒಂದು ಗಳಿಗೆ ನಿಲ್ಲಿಸಿದ್ದೇ ತಡ, ಚಾಚಾ ಮಸೀದಿಯಲ್ಲಿ ಅನ್ನುವ ಹಾಗೆ ದೊಡ್ಡ ದನಿಯಲ್ಲಿ "ಆಮೀನ್!" ಅಂದುಬಿಟ್ಟರು. ರೂಢಿಯ ಬಲ ಹೇಗಿರುತ್ತದೆ ನೋಡಿ, ಕೂತವರೆಲ್ಲ ಒಟ್ಟಿಗೆ "ಆಮೆನ್" ಅಂದರು. ಪ್ರಾರ್ಥನೆ ಮುಗಿಯಿತು. ಪಾಸ್ಟರ್ ಕಣ್ಣು ಬಿಟ್ಟು ನೋಡಿದಾಗ ಅವರ ಕೈಗೆ ಲೋಟ ಬಂದಿತ್ತು.

"ನಿಮ್ದೂ ಅದೇ ಅದ, ನಮ್ದೂ ಅದೇ ಅದ. ಚಹಾ ಕುಡೀರಿ" ಅಂದರು ಚಾಚಾ.

ಅಂದಿನಿಂದ ನಮ್ಮ ಸಭೆ ಅಲ್ಲೇ ಸೇರುತ್ತದೆ. ಪ್ರಾರ್ಥನೆಯನ್ನು ಸರದಿಯ ಮೇಲೆ ಯಾರಾದರೊಬ್ಬರು ಶುರುಮಾಡುತ್ತಾರೆ. ಮುಗಿಸುವವರು ಮಾತ್ರ ಚಾಚಾ.

ಸರಸಂಬಾದ ಕಾಯಿ

ಸರಸಂಬಾದಲ್ಲಿ ಕಣ್ಣಿನ ಶಿಬಿರ ಇಟ್ಟೆವು. ನೆರಳಿರುವ, ಗೋಡೆ ಬೆಳ್ಳಗಿರುವ ಜಾಗ ಬೇಕೆಂದು ಅಲ್ಲಿಯ ಸಣ್ಣ ಚರ್ಚನ್ನೇ ಆರಿಸಿದೆವು. ಬಾಗಿಲಲ್ಲಿ ಎಲ್ಲರನ್ನೂ ಸ್ವಾಗತಿಸುವ ಕೆಲಸ ಮಂಗಳೂರಿನ ಫಾದರ್ ಅವರದು.

ಮೊದಲು ಬಂದದ್ದು ಒಬ್ಬ ಅಜ್ಜಿ. ಎರಡೂ ಕಣ್ಣಿಗೆ ಪೊರೆ ಬಂದು, ಗೋಡೆ ಮುಟ್ಟಿಕೊಂಡು ಅಡ್ಡಾಡುವ ಸ್ಥಿತಿ. ಅವರ ಕೈಯಲ್ಲಿ ತಾಟು ಇತ್ತು. ತಾಟಿನಲ್ಲಿ ಒಂದು ತೆಂಗಿನಕಾಯಿ, ಊದಿನಕಡ್ಡಿ, ಚೂರು ಕರ್ಪೂರ. ದೇವರ ಮನೆಗೆ ಬಂದಮೇಲೆ ಬರಿಗೈಯಲ್ಲಿ ಹೇಗೆ ಬರುವುದು? ಅಜ್ಜಿ ತಾಟನ್ನು ಫಾದರ್ ಮುಂದೆ ಹಿಡಿದು, "ಕಾಯಿ ಒಡೀರಿ ಸ್ವಾಮೇರೆ" ಅಂದರು.

ಫಾದರ್ ಪಾಪ, ಅಜ್ಜಿಯ ಮನಸ್ಸು ನೋಯಬಾರದೆಂದು ಮೆತ್ತಗೆ ಹೇಳಿದರು: "ಅಮ್ಮಾ, ತಾವು ತಪ್ಪು ತಿಳಿಯಬಾರದು. ನಮ್ಮಲ್ಲಿ ತೆಂಗಿನಕಾಯಿ ಒಡೆಯುವ ಪದ್ಧತಿ ಇಲ್ಲ."

ಅಜ್ಜಿಗೆ ಖರೇ ಆಶ್ಚರ್ಯವಾಯಿತು. "ಒಡೀಲಾರ್ದ ಹೆಂಗ ತಿಂತೀರ್ರಿ ಮತ್ತ?"

ಕಾಯಿ ಹಾಕದ ಸಾರೇ ಇಲ್ಲದ ಸೀಮೆಯಲ್ಲಿ ಹುಟ್ಟಿದವರು ಫಾದರ್. ನಮ್ಮ ಕಡೆಗೆ ಬಂದಮೇಲೆ ಕಾಯಿಯಿಲ್ಲದ ಶೇಂಗಾ ಹಿಂಡಿ, ಪುಂಡಿಪಲ್ಲೆ ತಿಂದುಕೊಂಡು ಒಂದು ಮಾತೂ ಆಡದೆ ಇದ್ದವರು. ಆ ಪ್ರಶ್ನೆ ಅವರ ಮರ್ಮಕ್ಕೇ ತಾಗಿತು. ಕಾಯಿಯನ್ನು ಕಣ್ಣು ತುಂಬ ನೋಡಿದರು, ನನ್ನನ್ನು ನೋಡಿದರು. ನಾನು ಕಿವಿಯಲ್ಲಿ, "ಇಸ್ಕೊಳ್ರಿ ಫಾದರ್. ಆಕಿ ಇದನ್ನ ಕೊಡಲಾರ್ದ ಆಪರೇಷನ್ನಿಗೆ ಹೋಗಂಗಿಲ್ಲ" ಅಂದೆ. ಅದು ನಿಜವೇ ಆಗಿತ್ತು. ಅಜ್ಜಿ ಒಳಗೊಳಗೇ ಆಪರೇಷನ್ನಿಗೆ ಹೆದರಿ ನಡುಗುತ್ತಿದ್ದರು. ಫಾದರ್ ಹೊರಗೆ ಹೋಗಿ ಕಲ್ಲಿಗೆ ಕುಟ್ಟಿ ಕಾಯಿ ಒಡೆದು, ಅರ್ಧ ಹೋಳನ್ನು ಅಜ್ಜಿಯ ಕೈಗಿಟ್ಟರು. ಇನ್ನರ್ಧ ಮಧ್ಯಾಹ್ನ ನಮ್ಮ ಉಪ್ಪಿಟ್ಟಿನ ಜೋಡಿ ಚಟ್ನಿಯಾಯಿತು. ಫಾದರ್ ಚಟ್ನಿಗೆ ಉಪ್ಪಿಟ್ಟು ಹಚ್ಚಿಕೊಂಡು ತಿಂದರು.

ಅಜ್ಜಿ ಧೈರ್ಯವಾಗಿ ನಮ್ಮ ಕ್ಲಬ್ಬಿನ ಜೀಪು ಹತ್ತಿ ಕಲಬುರಗಿಗೆ ಹೋದರು, ಆಪರೇಷನ್ ಮಾಡಿಸಿಕೊಂಡು ಬಂದರು. ಕಣ್ಣು ಕಂಡಿತು. ಕಂಡದ್ದನ್ನು ಊರೆಲ್ಲ ಹೇಳಿದರು, ಕಾಯಿ ಒಡೆಸಿದ್ದನ್ನೂ ಸೇರಿಸಿ ಹೇಳಿದರು. ಮುಂದಿನ ಶಿಬಿರಕ್ಕೆ ಸಾಲಿನಲ್ಲಿ ನಿಂತವರ ಕೈಯಲ್ಲೆಲ್ಲ ಒಂದೊಂದು ಕಾಯಿ.

ಆ ದಿನ ಫಾದರ್ ತಮ್ಮ ಪ್ರಾರ್ಥನೆಯ ಪುಸ್ತಕ ಮರೆತು ಬಂದಿದ್ದರು. ಕಾಯಿ ತುರಿಯುವ ಮಣೆ ಮಾತ್ರ ಮರೆತಿರಲಿಲ್ಲ.

ಶುಗರ್ ಫ್ರೀ

ಮಾದನಹಿಪ್ಪರಗಾ ದೊಡ್ಡ ಊರು. ಅಲ್ಲಿ ಸಕ್ಕರೆ ಕಾಯಿಲೆ ಮತ್ತು ಬಿಪಿ ತಪಾಸಣೆ ಇಟ್ಟುಕೊಂಡೆವು. ಪ್ರಚಾರಕ್ಕೆ ಯಾರು? ಮೈಕ್ ಇದ್ದವರು ತರುಣ ಪಾಸ್ಟರ್. ಜೀಪಿನ ಮೇಲೆ ಮೈಕಿನ ಭೋಂಗಾ ಕಟ್ಟಿ ಅವರನ್ನೇ ಹಿಂದಿನ ದಿನ ಕಳಿಸಿದೆವು.

ಏನು ಹೇಳಬೇಕೆಂದು ನಾನು ಬಾಯಿಪಾಠ ಮಾಡಿಸಿದ್ದೆ: "ಸಕ್ಕರೆ ಕಾಯಿಲೆ ಹಾಗೂ ರಕ್ತದೊತ್ತಡದ ಉಚಿತ ತಪಾಸಣೆ." ಒಂದೆರಡು ಓಣಿ ಹಾಗೇ ಹೇಳಿದರಂತೆ. ಬಿಸಿಲು ಏರಿತು, ಗಂಟಲು ಒಣಗಿತು. ಪಾಸ್ಟರ್ ಮಾತನ್ನು ಸಣ್ಣದು ಮಾಡಿದರು: "ನಾಳೆ ಶಾಲೆಯ ಆವರಣದಲ್ಲಿ ಶುಗರ್ ಫ್ರೀ! ಬಿಪಿ ಫ್ರೀ! ಎಲ್ಲರೂ ಬರ್ರಿ!" ಅದಕ್ಕೊಂದು ರಾಗವನ್ನೂ ಹಾಕಿದರು.

ಮರುದಿನ ನಾವು ಹೋಗುವಷ್ಟರಲ್ಲಿ ಶಾಲೆಯ ಮುಂದೆ ಜಾತ್ರೆಯಂಥ ಗದ್ದಲ. ಇಷ್ಟು ಜನರನ್ನು ಕಂಡು ಕ್ಲಬ್ಬಿನ ಅಧ್ಯಕ್ಷರಿಗೆ ಹಿಗ್ಗೋ ಹಿಗ್ಗು. ಅವರು ಬಟ್ಟೆ ಅಂಗಡಿಯವರು, ಗಿರಾಕಿ ಕಂಡರೆ ಸಾಕು, ಮುಖ ಅರಳುತ್ತದೆ. "ನೋಡ್ರಿ ಸಿಸ್ಟರ್, ಮಂದಿಗಿ ಆರೋಗ್ಯದ ಕಾಳಜಿ ಎಷ್ಟು ಅದ!" ಅಂದರು. ನಾನು ನೋಡಿದೆ. ಒಬ್ಬೊಬ್ಬರ ಕೈಯಲ್ಲೂ ಸ್ಟೀಲಿನ ಡಬ್ಬಿ, ಬಟ್ಟೆಯ ಚೀಲ, ಒಬ್ಬಾಕೆಯ ಸೊಂಟದ ಮೇಲೆ ಕೊಡ. ಕಾಳಜಿ ಯಾವುದರದ್ದೆಂದು ನನಗೆ ತಿಳಿಯಿತು.

ಕುರ್ಚಿಯ ಮೇಲೆ ನಿಂತು ಎಲ್ಲರಿಗೂ ಬಿಡಿಸಿ ಹೇಳಿದೆ. ಸಕ್ಕರೆ ಹಂಚುವುದಿಲ್ಲ, ಮೈಯಲ್ಲಿ ಎಷ್ಟಿದೆ ಎಂದು ನೋಡುತ್ತೇವೆ ಅಂದೆ. ಸಾಲಿನ ಮುಂದೆ ನಿಂತಿದ್ದ ಗಟ್ಟಿ ದನಿಯ ಹೆಂಗಸೊಬ್ಬಳು ಡಬ್ಬಿಯ ಮುಚ್ಚಳ ತೆಗೆದು ಹಿಡಿದೇ ಇದ್ದಳು.

"ಇರಲಿ ಬಿಡ್ರಿ. ಸಕ್ಕರಿ ಖಾಲಿ ಆಗಿದ್ರ ಆ ಬಿಪಿನಾರ ಒಂದೀಟು ಹಾಕ್ರಿ. ಬರಿ ಡಬ್ಬಿ ತಗೊಂಡು ಹೆಂಗ ಹೋಗ್ಲಿ?"

ಅವಳನ್ನೇ ಮೊದಲು ಕೂರಿಸಿದೆ. ಬೆರಳು ಚುಚ್ಚಿದಾಗ, "ಕೊಡ್ತೇವಿ ಅಂತ ಕರದು ನೀವೇ ತಗೊಳ್ಳಾಕತ್ತೀರಲ್ಲ" ಎಂದು ಬೈದಳು. ಯಂತ್ರದಲ್ಲಿ ಅಂಕಿ ಬಂದಾಗ ಮಾತ್ರ ನನ್ನ ನಗು ನಿಂತಿತು. ಅವಳಿಗೆ ಸಕ್ಕರೆ ಕಾಯಿಲೆ ಜೋರಾಗಿಯೇ ಇತ್ತು, ಕಾಲಿನ ಹುಣ್ಣು ಏಕೆ ಮಾಯುತ್ತಿಲ್ಲವೆಂದು ಯಾರೂ ನೋಡಿರಲಿಲ್ಲ. ಇನ್ನಷ್ಟು ತಡವಾಗಿದ್ದರೆ ಕಾಲಿಗೇ ಸಂಚಕಾರ. ಅವತ್ತೇ ಡಾಕ್ಟರರ ಹತ್ತಿರ ಕೂರಿಸಿ ಗುಳಿಗೆ ಶುರುಮಾಡಿಸಿದೆವು, ಸಿಹಿ ಬಿಡಿಸಿದೆವು, ಹುಣ್ಣಿಗೆ ಪಟ್ಟಿ ಕಟ್ಟಿಸಿದೆವು.

ಆಮೇಲೊಮ್ಮೆ ಆಳಂದದ ಸಂತೆಯಲ್ಲಿ ಸಿಕ್ಕಳು. ಹುಣ್ಣು ಮಾಯ್ದಿತ್ತು, ಸರಸರ ನಡೆಯುತ್ತಿದ್ದಳು. ಜೊತೆಗಿದ್ದ ಹೆಂಗಸರಿಗೆ ನನ್ನನ್ನು ತೋರಿಸಿ ಪರಿಚಯ ಮಾಡಿಸಿದಳು.

"ಇವರೇ ನೋಡ್ರವ್ವ. ಸಕ್ಕರಿ ಕೊಡ್ತೇವಿ ಬರ್ರಿ ಅಂತ ಭೋಂಗಾ ಹಚ್ಚಿ ಕರದು, ಮನ್ಯಾಗಿದ್ದ ಸಕ್ಕರೀನೂ ಬಿಡಿಸ್ಯಾರ!"

ಲೋಟ ತುಂಬ

ಇದು ಸಣ್ಣದು. ಬೇಸಿಗೆಯಲ್ಲಿ ಚೌಡಾಪುರದ ರಸ್ತೆ ಬದಿಗೆ ನಾವೆಲ್ಲ ಸೇರಿ ಕುಡಿಯುವ ನೀರಿನ ಅರವಟಿಗೆ ಹಾಕಿದೆವು. ಗಾಣಗಾಪುರಕ್ಕೆ ದತ್ತನ ದರ್ಶನಕ್ಕೆ ಹೋಗುವವರು ಆ ಹಾದಿಯಲ್ಲೇ ನಡೆಯುತ್ತಾರೆ. ಮಹಾರಾಷ್ಟ್ರದ ಕಡೆಯಿಂದ ಬರುವವರೇ ಹೆಚ್ಚು.

ಉದ್ಘಾಟನೆಯ ದಿನ ಹಿರಿಯ ಪಾದ್ರಿಯವರು ಬಿಳಿ ನಿಲುವಂಗಿ ಹಾಕಿಕೊಂಡು ಬಂದು ಮಡಕೆಯ ಮುಂದೆ ನಿಂತರು. ಬೆಳ್ಳನೆಯ ಗಡ್ಡ, ಬೆಳ್ಳನೆಯ ಅಂಗಿ, ಕೈಯಲ್ಲಿ ನೀರಿನ ಸೌಟು. ಬಿಸಿಲಲ್ಲಿ ಬೆಂದು ಬಂದ ಮರಾಠಿ ಹೆಂಗಸೊಬ್ಬಳು ದೂರದಿಂದಲೇ ಕೈಮುಗಿದಳು. ಹತ್ತಿರ ಬಂದು ಚಪ್ಪಲಿ ಬಿಟ್ಟು, ಸೆರಗು ತಲೆಮೇಲೆ ಎಳೆದುಕೊಂಡು, ಬೊಗಸೆ ಒಡ್ಡಿದಳು. "ಮಹಾರಾಜ್, ತೀರ್ಥ ದ್ಯಾ" ಅಂದಳು.

ಪಾದ್ರಿಯವರು ಗಾಬರಿಯಾದರು. "ಇದು ತೀರ್ಥ ಅಲ್ಲವ್ವ, ನೀರು ಅದ. ಲೋಟಾ ತುಂಬ ಕುಡಿ" ಎಂದು ದೊಡ್ಡ ಲೋಟ ತುಂಬಿ ಕೈಗೆ ಕೊಟ್ಟರು. ಅವಳಿಗೆ ಕನ್ನಡ ಅಷ್ಟಕ್ಕಷ್ಟೇ. ಗಟಗಟ ಕುಡಿದಳು, ಇನ್ನೊಂದು ಲೋಟ ಇಸಿದುಕೊಂಡಳು. ಆಮೇಲೆ ಹಿಂದೆ ಬರುತ್ತಿದ್ದ ತನ್ನ ಗುಂಪಿಗೆಲ್ಲ ಕೇಳುವ ಹಾಗೆ ಮರಾಠಿಯಲ್ಲಿ ಕೂಗಿದಳು. ಮಹಿಳಾ ಸಂಘದ ಅಕ್ಕನಿಗೆ ಮರಾಠಿ ಬರುತ್ತದೆ. ನಗು ತಡೆದುಕೊಂಡು ಅರ್ಥ ಹೇಳಿದಳು:

"ಜಲ್ದಿ ಬರ್ರಿ, ಉಳಿದ ಕಡೆ ಚಮಚದಾಗ ಕೊಡ್ತಾರ, ಈ ಸ್ವಾಮೇರು ಲೋಟಾ ತುಂಬ ಕೊಡಾಕತ್ತಾರ ಅಂತ ಹೇಳ್ಯಾಳ್ರಿ."

ಯಾವ ಸಿಸ್ಟರ್?

ನಮ್ಮ ಕೂಟದಲ್ಲಿ ಗಂಡಸರನ್ನೂ ಮಹಿಳಾ ಸಂಘದ ಅಕ್ಕನನ್ನೂ ಬಿಟ್ಟರೆ ಉಳಿದವರೆಲ್ಲ ಸಿಸ್ಟರುಗಳೇ. ನಾನು ನರ್ಸ್ ಆಗಿದ್ದವಳು, ಆದ್ದರಿಂದ ಸಿಸ್ಟರ್. ಫಾದರ್ ಅವರ ಚರ್ಚಿನ ಸನ್ಯಾಸಿನಿ ಹೇಗೂ ಸಿಸ್ಟರ್. ಹೊಸ ಸಭೆಯಲ್ಲಿ ಹಾಡು ಹೇಳಿಕೊಡುವ ಹೆಂಗಸನ್ನು ಅಲ್ಲಿ ಎಲ್ಲರೂ ಸಿಸ್ಟರ್ ಎಂದೇ ಕರೆಯುತ್ತಾರೆ. ಯಾರಾದರೂ ಸಿಸ್ಟರ್ ಅಂದರೆ ಮೂವರೂ ತಿರುಗಿ ನೋಡುತ್ತೇವೆ.

ಮಳೆಗಾಲದಲ್ಲಿ ಒಮ್ಮೆ ಜೇವರ್ಗಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ ನಮ್ಮ ಶಿಬಿರ ನಡೆದಿತ್ತು. ಮಧ್ಯಾಹ್ನ ಅಧ್ಯಕ್ಷರ ಫೋನು ರಿಂಗಾಯಿತು. ಮಗ್ಗುಲ ಹಳ್ಳಿಯ ಮುದುಕರೊಬ್ಬರು, "ನಮ್ಮ ಸೊಸಿಗಿ ಹೆರಿಗಿ ಬ್ಯಾನಿ ಶುರು ಆಗ್ಯಾವರಿ. ಅಂಬುಲೆನ್ಸ್ ಕೆಸರಿನ್ಯಾಗ ಸಿಕ್ಕೊಂಡದ ಅಂತ. ನಿಮ್ಮ ಸಿಸ್ಟರ್‌ನ್ನ ಕಳಸ್ರಿ!" ಅಂದರು. ಅಧ್ಯಕ್ಷರು ಗಾಬರಿಯಲ್ಲಿ ಫೋನು ಕಿವಿಗೆ ಹಿಡಿದುಕೊಂಡೇ, "ಸಿಸ್ಟರ್, ಜೀಪ್ ಹತ್ರಿ, ಅರ್ಜೆಂಟ್ ಅದ!" ಎಂದು ಕೂಗಿದರು. ನಾನು ಒಳಗೆ ಔಷಧಿ ಕೊಡುತ್ತಿದ್ದೆ, ಕೇಳಿಸಲಿಲ್ಲ. ಜೀಪಿನ ಹತ್ತಿರವೇ ನಿಂತಿದ್ದವಳು ಹಾಡಿನ ಸಿಸ್ಟರ್. ಕರೆದದ್ದು ತನ್ನನ್ನೇ, ಯಾರೋ ರೋಗಿಗೆ ಪ್ರಾರ್ಥನೆ ಬೇಕಾಗಿದೆ ಎಂದು ತಿಳಿದು ಅವಳು ಜೀಪು ಹತ್ತಿದಳು. ಜೀಪು ಹೋಯಿತು.

ಸ್ವಲ್ಪ ಹೊತ್ತಿಗೆ ನಾನು ಹೊರಗೆ ಬಂದೆ. ಅಧ್ಯಕ್ಷರು ನನ್ನನ್ನು ನೋಡಿ, "ನೀವು ಇಲ್ಲೇ ಅದೀರಿ? ಹಂಗಾರ ಹೆರಿಗಿಗಿ ಹೋದವರು ಯಾರು?" ಅಂದರು. ಚೊಚ್ಚಲ ಬಸುರಿ, ನಂಬಿಕೊಂಡು ಕಾಯುತ್ತಿರುವ ಮನೆಯವರು, ಹೋದವಳಿಗೆ ಬರುವುದು ಹಾಡೊಂದೇ. ತರುಣ ಪಾಸ್ಟರರ ಬೈಕಿನ ಹಿಂದೆ ಕೂತೆ. ಎರಿಮಣ್ಣಿನ ರಾಡಿಯಲ್ಲಿ ಬೈಕು ಮುಂದೆ ಹೋಗುವುದಕ್ಕಿಂತ ಅಡ್ಡಡ್ಡ ಹೋದದ್ದೇ ಹೆಚ್ಚು. ಪಾಸ್ಟರ್ ದಾರಿಯುದ್ದಕ್ಕೂ ಪ್ರಾರ್ಥನೆ ಮಾಡಿದರು. ಅವತ್ತು ನಾನೂ ಆಮೀನ್ ಅಂದು ನಿಲ್ಲಿಸಲಿಲ್ಲ.

ಆ ಮನೆಯ ಅಂಗಳ ಮುಟ್ಟುವಾಗಲೇ ಕೂಸಿನ ಅಳು ಕೇಳಿಸಿತು. ಒಳಗೆ ಹೋಗಿ ನೋಡಿದರೆ ತಾಯಿ, ಕೂಸು ಇಬ್ಬರೂ ಸುಖವಾಗಿದ್ದರು. ಹೆಣ್ಣುಕೂಸು. ಊರಿನ ಆಶಾ ಕಾರ್ಯಕರ್ತೆ ಸಮಯಕ್ಕೆ ಬಂದು ಎಲ್ಲ ನೋಡಿಕೊಂಡಿದ್ದಳು. ನಾನು ಕೂಸನ್ನು, ಬಾಣಂತಿಯನ್ನು ಪರೀಕ್ಷಿಸಿ ಉಸಿರು ಬಿಟ್ಟೆ. ಹಾಡಿನ ಸಿಸ್ಟರ್ ಮೂಲೆಯಲ್ಲಿ ಗೋಡೆಗೊರಗಿ ಬೆವರು ಒರೆಸಿಕೊಳ್ಳುತ್ತಿದ್ದಳು. ಹೆತ್ತವಳಿಗಿಂತ ಅವಳೇ ಹೆಚ್ಚು ಸುಸ್ತಾಗಿದ್ದಳು.

"ಏನು ಮಾಡಿದಿ ನೀನು?" ಅಂದೆ.

"ಏನ್ ಮಾಡ್ಲಿರಿ ಸಿಸ್ಟರ್? ಒಳಗ ಬಂದ ಕೂಡ್ಲೆ ಆಕಿ ನನ್ನ ಕೈ ಹಿಡಕೊಂಡು 'ಏನಾರ ಮಾಡ್ರಿ' ಅಂದ್ಳು. ನನಗ ಬರೋದು ಒಂದೇ. ಹಾಡಿದೆ."

ಆಶಾ ಕಾರ್ಯಕರ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ಇವಳು ಹೆದರಿಕೆಯಲ್ಲಿ ಚರ್ಚಿನಲ್ಲಿ ಹಾಡುವಷ್ಟೇ ಗಟ್ಟಿಯಾಗಿ ಹಾಡಿದಳಂತೆ. ಒಂದು ಹಾಡು ಮುಗಿದ ಕೂಡಲೇ ಇನ್ನೊಂದು ಎತ್ತಿಕೊಂಡಳಂತೆ. ಕಡೆಗೆ ಬ್ಯಾನಿ ತಿನ್ನುತ್ತಿದ್ದ ಆ ಹುಡುಗಿಯೇ ತಲೆಯೆತ್ತಿ ಚೀರಿದಳಂತೆ:

"ಯಕ್ಕಾ, ನಿನ್ನ ಕಾಲಿಗಿ ಬೀಳ್ತೇನಿ! ನೀ ಹಾಡೋದು ನಿಲ್ಲಸು, ನಾ ಹಡಿಯೋದು ಮುಗಸ್ತೇನಿ!"

ಕೋಟಿನ ಸಾಹೇಬರು

ಭೀಮಾ ನದಿ ಏರಿದ ವರ್ಷ ಅಫಜಲಪುರದ ಕಡೆ ಹೊಳೆದಂಡೆಯ ಹಳ್ಳಿಯೊಂದಕ್ಕೆ ನೀರು ನುಗ್ಗಿತು. ಜನ ದಿನ್ನೆಯ ಮೇಲಿನ ಶಾಲೆಗೆ ಬಂದು ಸೇರಿದರು. ನಮ್ಮ ಕೂಟವೂ ಅಲ್ಲೇ ಬೀಡುಬಿಟ್ಟಿತು. ಮಹಿಳಾ ಸಂಘದ ಅಕ್ಕ ಹಳ್ಳಿ ಹಳ್ಳಿಯಿಂದ ಒಣಗಿಸಿದ ಕಟಿರೊಟ್ಟಿ ತರಿಸಿದಳು, ಹಿರಿಯ ಪಾದ್ರಿಯವರು ಒಲೆಯ ಮುಂದೆ ಕೂತರು, ಫಾದರ್ ಬಡಿಸಿದರು. ಅಧ್ಯಕ್ಷರು ಕಲಬುರಗಿಯಿಂದ ಬಟ್ಟೆಯ ಗಂಟುಗಳನ್ನು ತಂದರು.

ಪೇಟೆಯವರು ದಾನ ಮಾಡುವ ಬಟ್ಟೆಯ ಬಗ್ಗೆ ಹೆಚ್ಚು ಹೇಳದಿರುವುದೇ ವಾಸಿ. ಒಂದು ಗಂಟಿನಲ್ಲಿ ಬರೀ ಟೈಗಳೇ ಬಂದವು. ಇನ್ನೊಂದರಲ್ಲಿ ಯಾರೋ ಮದುವೆಗೆ ಹೊಲಿಸಿದ್ದ ಕರೀ ಸೂಟು, ಕೋಟು ಪ್ಯಾಂಟು ಸಮೇತ ಇತ್ತು. ಯಾರಿಗೆ ಕೊಡುವುದು? ಆಗ ಎದುರಿಗೆ ಕಂಡವರು ಒಬ್ಬ ಮುದುಕರು. ಊರೆಲ್ಲ ಅವರನ್ನು ಮಾವ ಅನ್ನುತ್ತದೆ. ಎದೆಮಟ್ಟದ ನೀರಿನಲ್ಲಿ ಎಮ್ಮೆಗಳನ್ನು ಹೊಡೆದುಕೊಂಡು ಬಂದಿದ್ದರು. ಇದ್ದೊಂದು ಧೋತರ ಎರಡು ದಿನವಾದರೂ ಆರದೆ, ಮೈ ಗಡಗಡ ನಡುಗುತ್ತಿತ್ತು.

"ಇದರಾಗ ಕುಂದ್ರಲಿಕ್ಕಿ ಬರ್ತದೇನ್ರಿ?" ಎಂದು ಪ್ಯಾಂಟನ್ನು ಅನುಮಾನದಿಂದ ನೋಡಿದರು. ಥಂಡಿಯ ಮುಂದೆ ಅನುಮಾನ ಎಷ್ಟು ಹೊತ್ತು ನಿಲ್ಲುತ್ತದೆ? ಹಾಕಿಕೊಂಡು ಬಂದರು. ನಾವೆಲ್ಲ ಬಡಿಸುವುದನ್ನು ಬಿಟ್ಟು ನೋಡಿದೆವು. ಅಳತೆ ಕೊಟ್ಟು ಹೊಲಿಸಿದಂತೆ ಬರೋಬ್ಬರಿ ಕೂತಿತ್ತು. ಎತ್ತರದ ಆಳು, ಬೆಳ್ಳಿ ಮೀಸೆ, ಯಾರೋ ಕೊಟ್ಟ ರಬ್ಬರ್ ಬೂಟು, ಕೈಯಲ್ಲಿ ಛತ್ರಿ. ಅಧ್ಯಕ್ಷರು ಮಾವನಿಗೆ ಒಂದು ಟೈ ಕೂಡ ಕಟ್ಟಿದರು. ಟೈ ಹೇಗೂ ರಾಶಿ ಇದ್ದವಲ್ಲ.

ಮಾವನ ಮುಖದಲ್ಲಿ ಮಾತ್ರ ನಗು ಇರಲಿಲ್ಲ. ಶಾಲೆಯ ಹಿಂದೆ ಊರಿನವರ ಎಮ್ಮೆ, ಆಕಳುಗಳನ್ನೆಲ್ಲ ಕಟ್ಟಿದ್ದರು. ಮನುಷ್ಯರಿಗೆ ನಾವು ಊಟ ಹಾಕಿದೆವು, ದನಗಳಿಗೆ ಮೇವೆಂದು ಒಂದು ಕಡ್ಡಿ ಕಣಿಕೆಯೂ ಇರಲಿಲ್ಲ. ಬಣವೆಗಳೆಲ್ಲ ಹೊಳೆಯ ಪಾಲಾಗಿದ್ದವು. ಶಾಲೆಯಲ್ಲಿ ಕರೆಂಟೂ ಹೋಗಿತ್ತು. ಮೇವಿಗೂ ಕರೆಂಟಿಗೂ ನಾವು ಫೋನು ಮಾಡಿದ ಕಡೆಯೆಲ್ಲ "ನಾಳೆ ನೋಡೋಣ" ಎಂಬ ಮಾತು. ಹಸಿದ ದನಗಳ ಒದರಾಟ ಕೇಳಿ ಮಾವ ಎರಡು ದಿನದಿಂದ ಸರಿಯಾಗಿ ಉಂಡಿರಲಿಲ್ಲ. "ಅವು ನೋಡಾಕತ್ತಾವ ತಂಗಿ, ನಾ ಹೆಂಗ ಉಣ್ಲಿ?" ಅಂದಿದ್ದರು ನನಗೆ.

ಅಷ್ಟರಲ್ಲಿ ಕಾರೊಂದು ಬಂತು. ಪರಿಹಾರದ ಉಸ್ತುವಾರಿಗೆ ಹೊಸದಾಗಿ ಬಂದಿದ್ದ ತರುಣ ಅಧಿಕಾರಿಯೊಬ್ಬರು ಇಳಿದರು. ದಿನ್ನೆಯ ತುದಿಯಲ್ಲಿ ನಮ್ಮ ಮಾವ ಬೂಟು ಹಾಕಿ, ಕೋಟಿನ ಗುಂಡಿ ಹಾಕಿ, ತಮ್ಮ ಹೊಲ ಎಲ್ಲಿ ಮುಳುಗಿದೆ ಎಂದು ಛತ್ರಿ ಚಾಚಿ ಯಾರಿಗೋ ತೋರಿಸುತ್ತಿದ್ದರು. ಅಧಿಕಾರಿ ಅದನ್ನು ಕಂಡದ್ದೇ ಗಾಬರಿಯಾಗಿ ಓಡಿದರು.

"ನಮಸ್ಕಾರ ಸರ್. ತಾವು ಬರೋದು ಗೊತ್ತೇ ಇರಲಿಲ್ಲ ಸರ್."

ಮಾವ ಹಿಂದಕ್ಕೆ ತಿರುಗಿ ನೋಡಿದರು. ಹಿಂದೆ ಯಾರೂ ಇರಲಿಲ್ಲ. "ನೀರ ಬರೋದೂ ಗೊತ್ತಿರಲಿಲ್ರಿ" ಅಂದರು.

ಅಧಿಕಾರಿಯ ಮುಖ ಸಪ್ಪಗಾಯಿತು. ಅದು ತಮಗೆ ಬಿದ್ದ ಏಟು ಅಂದುಕೊಂಡರು. "ವ್ಯವಸ್ಥೆ ಎಲ್ಲ ಸರಿ ಇದೆಯಾ ಸರ್?"

"ಮಂದೀದು ಸರಿ ಅದರೀ. ದನದ್ದು ಯಾರು ಕೇಳಬೇಕು? ಒದರಾಕತ್ತಾವ, ಕಿವ್ಯಾಗ ಬೀಳವಲ್ತೇನು?"

"ಸಾರಿ ಸರ್. ತಮ್ಮದು ಯಾವ ಇಲಾಖೆ ಅಂತ..."

"ನಂದಾ? ಎಮ್ಮಿದು."

"ಓ, ಪಶುಸಂಗೋಪನೆ!" ಎಂದ ಅಧಿಕಾರಿ ಪಕ್ಕಕ್ಕೆ ಹೋಗಿ ಫೋನು ಹಚ್ಚಿದರು. "ಮೇಲಿನ ಸಾಹೇಬರು ಖುದ್ದು ಬಂದು ನಿಂತಿದ್ದಾರೆ, ಗರಂ ಆಗಿದ್ದಾರೆ. ಮೇವು ಈಗಿಂದೀಗಲೇ ಕಳಿಸಿ" ಎಂಬ ಮಾತು ನಮ್ಮವರೆಗೂ ಕೇಳಿಸಿತು.

ಹಿರಿಯ ಪಾದ್ರಿಯವರಿಗೆ ತಳಮಳ. ಸೌಟು ಕೆಳಗಿಟ್ಟು, "ಸುಳ್ಳಾಗ್ತದವ್ವ, ಹೋಗಿ ಹೇಳ್ಬೇಕು" ಅಂದರು. ಫಾದರ್ ಅವರ ತೋಳು ಹಿಡಿದು, "ಖಂಡಿತ ಹೇಳೋಣ ಅಯ್ಯನವರೇ. ಮೇವು ಇಳಿದ ನಂತರ ಹೇಳೋಣ" ಅಂದರು. ಧರ್ಮದ ಎಷ್ಟೋ ವಿಷಯಗಳಲ್ಲಿ ಒಮ್ಮತಕ್ಕೆ ಬಾರದ ಇಬ್ಬರೂ ಇದರಲ್ಲಿ ಒಂದಾದರು.

ಹೊತ್ತು ಇಳಿಯುವ ಮೊದಲೇ ಟ್ರ್ಯಾಕ್ಟರ್ ತುಂಬ ಕಣಿಕೆ ಬಂತು. ಮಾವ ಕೋಟಿನಲ್ಲೇ ಕಣಿಕೆಯ ಸಿವುಡು ಹೊತ್ತು ಓಡಿದರು. ತಮ್ಮ ಎಮ್ಮೆಯ ಮುಂದೆ ಹಾಕಿ, ಅದರ ಕೊರಳು ತಬ್ಬಿಕೊಂಡು ನಿಂತರು. ಅದನ್ನು ಕಂಡಾಗ ಅಧಿಕಾರಿಗೆ ಅನುಮಾನ ಬಂದಿರಬೇಕು. ಆಗ ಪಾದ್ರಿಯವರೇ ಹತ್ತಿರ ಹೋಗಿ ಕೈಮುಗಿದು ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ತರುಣನ ಮುಖ ಕೆಂಪಾಯಿತು. ಮೇಯುವ ದನಗಳನ್ನು ಒಂದಷ್ಟು ಹೊತ್ತು ನೋಡಿದರು. ಆಮೇಲೆ ನಕ್ಕುಬಿಟ್ಟರು. "ಇರಲಿ ಬಿಡಿ ಅಯ್ಯನವರೇ. ಎಮ್ಮೆ ತಿನ್ನುತ್ತಿರೋದಂತೂ ನಿಜ ತಾನೆ?" ಎಂದು ಹೇಳಿ, ಒಂದು ರೊಟ್ಟಿ ತಿಂದು, ಮಾವನಿಗೆ ಮತ್ತೊಮ್ಮೆ ನಮಸ್ಕಾರ ಮಾಡಿಯೇ ಕಾರು ಹತ್ತಿದರು.

ದನಗಳು ಮೇಯುತ್ತಿದ್ದವು. ಮಾವ ಆವತ್ತು ಮೊದಲ ಸಲ ಹೊಟ್ಟೆ ತುಂಬ ಉಂಡರು. ಧೋತರ ಒಣಗಿದೆಯೆಂದು ಮುಟ್ಟಿ ನೋಡಿ, "ಸಾಕಪ್ಪ ಈ ಸಾಹೇಬಕಿ, ಕೊರಳ ಬಿಗೀತದ" ಎಂದು ಟೈ ಸಡಿಲಿಸಿ ಕೋಟಿನ ಗುಂಡಿಗೆ ಕೈ ಹಾಕಿದರು.

ಮಹಿಳಾ ಸಂಘದ ಅಕ್ಕ ರೊಟ್ಟಿಯ ಬುಟ್ಟಿ ಬಿಟ್ಟು ಓಡಿಬಂದು ಅವರ ಎರಡೂ ಕೈ ಹಿಡಿದಳು.

"ಮಾವಾ, ಕೋಟು ಬಿಚ್ಚಬ್ಯಾಡ್ರಿ! ಇನ್ನಾ ಕರೆಂಟಿನವರು ಬರೋದದ!"